ಡಯಲ್ ಮೇಲಿನ ಹೆಸರು ಕೊನೆಗೆ: ಅಲಾರಂ ಕೈಗಡಿಯಾರಗಳ ಜೊತೆ ನನ್ನ ಅನುಭವ

ನನ್ನ ಮೊದಲ ಅಲಾರಂ ವಾಚು ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ. ಹಳೇ ಬೀಗ, ಟ್ರಾನ್ಸಿಸ್ಟರ್, ಇಸ್ತ್ರಿಪೆಟ್ಟಿಗೆಗಳ ನಡುವೆ ಒಂದು ಟಾರ್ಪಾಲಿನ ಮೇಲೆ ಬಿದ್ದಿತ್ತು. ಬಲಗಡೆ ಎರಡು ಚಾವಿ. ಎರಡು ಗಂಟೆಯ ಹತ್ತಿರ ಒಂದು, ನಾಲ್ಕರ ಹತ್ತಿರ ಇನ್ನೊಂದು. "ಮೇಲಿಂದು ಡೇಟ್‌ಗೆ ಸಾರ್" ಎಂದರು ಮಾರುತ್ತಿದ್ದವರು. ಆದರೆ ಡಯಲ್‌ನಲ್ಲಿ ತಾರೀಖಿನ ಕಿಟಕಿಯೇ ಇರಲಿಲ್ಲ. ಮುಳ್ಳು ಮಾತ್ರ ನಾಲ್ಕಿದ್ದವು.

ಮನೆಗೆ ತಂದು ಮೇಲಿನ ಚಾವಿಗೆ ಕೀ ಕೊಟ್ಟೆ. ಆಮೇಲೆ ಅದನ್ನು ಎಳೆದು ನಾಲ್ಕನೇ ಮುಳ್ಳನ್ನು ಮೆಲ್ಲಗೆ ತಿರುಗಿಸುತ್ತಾ ಹೋದೆ. ಊಟದ ಮೇಜಿನ ಮೇಲೆ ಅದು ಇದ್ದಕ್ಕಿದ್ದ ಹಾಗೆ ಜೀರುಂಡೆಯಂತೆ ಕಿರುಚಿತು. ಹನ್ನೊಂದು ಸೆಕೆಂಡು ಕಿರುಚಿ ನಿಂತಿತು. ಬ್ಯಾಟರಿ ಇಲ್ಲ, ಏನೂ ಇಲ್ಲ. ಒಂದು ಸ್ಪ್ರಿಂಗು, ಒಂದು ಪುಟ್ಟ ಸುತ್ತಿಗೆ, ಅಷ್ಟೇ. ಆವತ್ತು ರಾತ್ರಿ ಇನ್ನೂ ಆರು ಸಲ ಕೂಗಿಸಿದೆ.

ಅದಾಗಿ ಹನ್ನೆರಡು ವರ್ಷವಾಯಿತು. ಈಗ ನನ್ನ ಬಳಿ ಕೀ ಕೊಡುವ ಅಲಾರಂ ಕೈಗಡಿಯಾರಗಳು 43 ಇವೆ. ಒಂದೊಂದಕ್ಕೂ ಒಂದು ದಾಖಲೆ ಇದೆ. ಆ ದಾಖಲೆಯನ್ನು ಮೊದಲ ಮೂರು ವರ್ಷ ನಾನು ತಪ್ಪು ದಾರಿಯಲ್ಲಿ ಮಾಡಿದ್ದೆ. ಈಗ ಶುರು ಮಾಡುವವರಿಗೆ ಆ ಮೂರು ವರ್ಷ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಂಪನಿಯ ಹೆಸರಿಗೊಂದು ಪುಟ ಮಾಡಿದ್ದೆ. ಡಯಲ್ ಮೇಲೆ ಏನು ಬರೆದಿದೆಯೋ ಅದೇ ಪುಟ. ಇಪ್ಪತ್ತು ವಾಚು ಆಗುವ ಹೊತ್ತಿಗೆ ಹದಿನಾಲ್ಕು ಹೆಸರುಗಳಾದವು. ಅವುಗಳಲ್ಲಿ ಒಂಬತ್ತರ ಬಗ್ಗೆ ಎಲ್ಲಿ ಹುಡುಕಿದರೂ ಒಂದು ಸಾಲು ಸಿಗುತ್ತಿರಲಿಲ್ಲ. ಪುಟಗಳು ಖಾಲಿ ಉಳಿದವು.

ನಾನು ಹೋಗುವ ವಾಚ್ ರಿಪೇರಿ ಅಂಗಡಿ ತುಂಬಾ ಚಿಕ್ಕದು. ಇಬ್ಬರು ನಿಂತರೆ ಮೂರನೆಯವರು ಫುಟ್‌ಪಾತಿನಲ್ಲಿ ನಿಲ್ಲಬೇಕು. ಯಜಮಾನರು ಎಚ್‌ಎಂಟಿ ವಾಚುಗಳನ್ನು ಸಾವಿರಗಟ್ಟಲೆ ಬಿಚ್ಚಿ ಜೋಡಿಸಿದವರು. ಒಂದು ಮಧ್ಯಾಹ್ನ ನನ್ನ ಮೂರು ವಾಚುಗಳ ಹಿಂದಿನ ಮುಚ್ಚಳ ತೆಗೆದು ಸಾಲಾಗಿ ಇಟ್ಟರು. ಡಯಲ್ ಮೇಲೆ ಮೂರು ಬೇರೆ ಬೇರೆ ಹೆಸರು. ಒಳಗೆ ನೋಡಿದರೆ ಒಂದೇ ಮಷೀನು.

"ಇವೆಲ್ಲಾ ಒಂದೇ ತಾಯಿ ಮಕ್ಕಳು ಸಾರ್" ಎಂದರು. ಕಣ್ಣಿಗೆ ಹಿಡಿದು ನೋಡುವ ಭೂತಗನ್ನಡಿ, ಐ ಗ್ಲಾಸನ್ನು ನನ್ನ ಕೈಗೆ ಕೊಟ್ಟು, ಅತ್ತಿತ್ತ ತೂಗಾಡುವ ಬ್ಯಾಲೆನ್ಸ್ ವೀಲಿನ ಅಡಿ ನೋಡಲು ಹೇಳಿದರು. ಅಲ್ಲಿ ಸಾಸಿವೆಯಷ್ಟು ಜಾಗದಲ್ಲಿ ಎ.ಎಸ್. ಎಂಬ ಅಕ್ಷರ, ಅದರ ಹತ್ತಿರ 1475 ಎಂಬ ಅಂಕಿ.

ಎ.ಎಸ್. ಅಂದರೆ ಅಡಾಲ್ಫ್ ಶಿಲ್ಡ್. ಸ್ವಿಟ್ಜರ್ಲೆಂಡಿನ ಗ್ರೆಂಚೆನ್ ಊರಿನ ಕಾರ್ಖಾನೆ. ಅವರು ಮಷೀನು ಮಾಡಿ ಬೇರೆ ಬೇರೆ ವಾಚ್ ಕಂಪನಿಗಳಿಗೆ ಮಾರುತ್ತಿದ್ದರು. ಆ ಕಂಪನಿಗಳು ತಮ್ಮ ಕೇಸು, ತಮ್ಮ ಡಯಲ್, ತಮ್ಮ ಹೆಸರು ಹಾಕಿಕೊಳ್ಳುತ್ತಿದ್ದವು. 1950ರ ದಶಕದ ಮಧ್ಯದಲ್ಲಿ ಬಂದ ಈ 1475 ಎಷ್ಟೊಂದು ಹೆಸರುಗಳ ಕೆಳಗೆ ಓಡಿದೆ! 1957ರಲ್ಲಿ ಬಂದ ಟ್ಯೂಡರ್ ಕಂಪನಿಯ ಅಡ್ವೈಸರ್ ಎಂಬ ಅಲಾರಂ ವಾಚಿನ ಒಳಗೂ ಇದೇ ಮನೆತನದ ಮಷೀನು. ಮಾಸ್ಕೋದ ಪೊಲ್ಯೋಟ್ ಅಲಾರಂ ವಾಚಿನ 2612 ನಂಬರಿನ ಮಷೀನು ಕೂಡ ಇದನ್ನೇ ನೋಡಿ ಮಾಡಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚಕ್ರಗಳನ್ನು ಹಿಡಿದಿಡುವ ತಗಡುಗಳ (ಸೇತುವೆಗಳ) ಆಕಾರ, ಎರಡು ಸ್ಪ್ರಿಂಗ್ ಡಬ್ಬಿಗಳ ಜಾಗ, ಸುತ್ತಿಗೆ ಎಲ್ಲವೂ ಅಣ್ಣತಮ್ಮಂದಿರ ಮುಖದ ಹಾಗೆ ಕಾಣುತ್ತವೆ. ಚಕ್ರಗಳು ಸವೆಯದಂತೆ ಒಳಗೆ ಕೂರಿಸುವ ಪುಟ್ಟ ಕಲ್ಲುಗಳು ನನ್ನ ಸ್ವಿಸ್ ವಾಚಿನಲ್ಲಿ 17, ಮಾಸ್ಕೋದ್ದರಲ್ಲಿ 18.

ಆವತ್ತು ಮನೆಗೆ ಬಂದು ಹೊಸ ದಾಖಲೆ ಶುರು ಮಾಡಿದೆ. ಈ ಸಲ ಮೊದಲ ಕಾಲಮ್ಮು ಮಷೀನಿನದು. ಡಯಲ್ ಮೇಲಿನ ಹೆಸರಿಗೆ ಕೊನೆಯ ಜಾಗ. ಖಾಲಿ ಪುಟಗಳೆಲ್ಲಾ ಒಂದೇ ವಾರದಲ್ಲಿ ತುಂಬಿದವು. ಹದಿನಾಲ್ಕು ಹೆಸರುಗಳು ಐದು ಕುಟುಂಬಗಳಾದವು.

ಕುಟುಂಬಗಳನ್ನು ಬೇರೆ ಮಾಡಲು ಯಾವಾಗಲೂ ಮುಚ್ಚಳ ತೆಗೆಯಬೇಕಿಲ್ಲ. ಹೊರಗಿನಿಂದಲೇ ಅರ್ಧ ತಿಳಿಯುತ್ತದೆ. ವಲ್ಕೇನ್ ಕಂಪನಿಯ ಕ್ರಿಕೆಟ್ ನೋಡಿ. 1947ರಲ್ಲಿ ಬಂದದ್ದು. ಇಲ್ಲಿ ಕ್ರಿಕೆಟ್ ಅಂದರೆ ಆಟವಲ್ಲ, ಜೀರುಂಡೆ. ಅದಕ್ಕೆ ಚಾವಿ ಒಂದೇ, ಮೂರು ಗಂಟೆಯ ಹತ್ತಿರ. ಒಂದು ಕಡೆ ತಿರುಗಿಸಿದರೆ ಗಡಿಯಾರಕ್ಕೆ ಕೀ, ಇನ್ನೊಂದು ಕಡೆ ತಿರುಗಿಸಿದರೆ ಅಲಾರಂಗೆ. ಎರಡು ಗಂಟೆಯ ಹತ್ತಿರ ಒಂದು ಒತ್ತುಗುಂಡಿ. ಜೇಗರ್ ಲಕೂಲ್ಟ್ರ್ ಕಂಪನಿಯ ಮೆಮೊವಾಕ್ಸ್ 1950ರದ್ದು. ಅದಕ್ಕೆ ಎರಡು ಚಾವಿ, ಆದರೆ ನಾಲ್ಕನೇ ಮುಳ್ಳಿಲ್ಲ. ಡಯಲ್ ನಡುವಿನ ಬಿಲ್ಲೆಯೇ ತಿರುಗುತ್ತದೆ, ಅದರ ಮೇಲಿನ ತ್ರಿಕೋನ ಅಲಾರಂ ಸಮಯ ತೋರಿಸುತ್ತದೆ. 1956ರಲ್ಲಿ ಅದೇ ಮೆಮೊವಾಕ್ಸ್ ಆಟೊಮ್ಯಾಟಿಕ್ ಆಗಿ ಬಂತು, ಅಂದರೆ ಕೈ ಆಡಿದಂತೆ ತಾನೇ ಕೀ ಕೊಟ್ಟುಕೊಳ್ಳುವುದು. ಅಲಾರಂ ಇರುವ ಕೈಗಡಿಯಾರದಲ್ಲಿ ಅದೇ ಮೊದಲ ಆಟೊಮ್ಯಾಟಿಕ್. ಆಗಲೂ ಅಲಾರಂಗೆ ಮಾತ್ರ ಕೈಯಿಂದಲೇ ಕೀ ಕೊಡಬೇಕಿತ್ತು.

ಇವೆಲ್ಲಕ್ಕೂ ಮೊದಲು ಸ್ವಿಸ್ ಕಂಪನಿ ಎಟರ್ನಾದ ಅಲಾರಂ ಕೈಗಡಿಯಾರ ಇದೆ. 1908ರಲ್ಲಿ ಪೇಟೆಂಟ್, 1914ರಲ್ಲಿ ವಾಚು. ಅದು ನನ್ನ ಬಳಿ ಇಲ್ಲ. ಫೋಟೊ ನೋಡಿಯೇ ಸಂತೋಷಪಟ್ಟಿದ್ದೇನೆ. ಜಪಾನಿನಲ್ಲಿ ಮೊದಲು ಮಾಡಿದ್ದು ಸಿಟಿಜನ್, 1958ರಲ್ಲಿ. ಮೂರು ವರ್ಷದ ನಂತರ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದಾಗ ಕೆಲಸ ಕಲಿಸಿಕೊಟ್ಟಿದ್ದೂ ಅದೇ ಸಿಟಿಜನ್. ಇದನ್ನು ಹೇಳಿದಾಗ ಯಜಮಾನರ ಮುಖ ಅರಳಿತು. "ಅದಕ್ಕೇ ಕೈಗೆ ಪರಿಚಯ ಅನ್ನಿಸ್ತು" ಎಂದರು.

ಕೆಲಸ ಮಾಡುವ ರೀತಿ ತಿಳಿದುಕೊಂಡರೆ ದಾಖಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಡಯಲ್ ಕೆಳಗೆ, ಗಂಟೆ ಮುಳ್ಳಿನ ಚಕ್ರ ಮತ್ತು ಅಲಾರಂ ಮುಳ್ಳಿನ ಚಕ್ರ ಒಂದರ ಮೇಲೊಂದು ಇರುತ್ತವೆ. ಒಂದಕ್ಕೆ ಉಬ್ಬು, ಇನ್ನೊಂದಕ್ಕೆ ತಗ್ಗು. ಹನ್ನೆರಡು ಗಂಟೆಗೊಮ್ಮೆ ಉಬ್ಬು ತಗ್ಗಿನ ಎದುರು ಬರುತ್ತದೆ. ಆಗ ಸ್ಪ್ರಿಂಗಿನ ಒತ್ತಡಕ್ಕೆ ಚಕ್ರ ಕೂದಲೆಳೆಯಷ್ಟು ಜಾರುತ್ತದೆ. ಸುತ್ತಿಗೆಯನ್ನು ತಡೆದು ನಿಂತಿದ್ದ ಸನ್ನೆ ಬಿಟ್ಟುಕೊಳ್ಳುತ್ತದೆ. ಸುತ್ತಿಗೆ ಹಿಂದಿನ ಮುಚ್ಚಳಕ್ಕೆ ಬೆಸೆದ ಒಂದು ಕಡ್ಡಿಗೆ ಪಟಪಟ ಬಡಿಯುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ. ಗಂಟೆ ಮುಳ್ಳು 720 ನಿಮಿಷದಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ನಿಮಿಷಕ್ಕೆ ಅರ್ಧ ಡಿಗ್ರಿ. ಮುಳ್ಳು ಕೂರಿಸುವಾಗ ಎರಡೂವರೆ ಡಿಗ್ರಿ ಆಚೀಚೆ ಆದರೆ ಸಾಕು, ಅಲಾರಂ ಐದು ನಿಮಿಷ ತಪ್ಪುತ್ತದೆ. ಹಾಗಾಗಿ ಐದು ನಿಮಿಷದ ವ್ಯತ್ಯಾಸವನ್ನು ನಾನು ದೋಷ ಎಂದು ಬರೆಯುವುದಿಲ್ಲ. ಇಪ್ಪತ್ತು ನಿಮಿಷ ತಪ್ಪಿದರೆ ಮಾತ್ರ ಬರೆಯುತ್ತೇನೆ. ಅದರ ಅರ್ಥ ಯಾರೋ ಹಿಂದೆ ಮುಳ್ಳು ತೆಗೆದು ಸರಿಯಾಗಿ ಹಾಕಿಲ್ಲ. ಮುಳ್ಳು ತೆಗೆದಿದ್ದಾರೆ ಎಂದರೆ ಡಯಲನ್ನೂ ಮುಟ್ಟಿರಬಹುದು, ಅಲ್ವಾ? ಅಲ್ಲಿಂದ ಡಯಲನ್ನು ಹೆಚ್ಚು ಅನುಮಾನದಿಂದ ನೋಡುತ್ತೇನೆ.

ಡಯಲ್ ವಿಷಯದಲ್ಲಿ ನನಗೆ ಒಂದು ದೊಡ್ಡ ಪೆಟ್ಟು ಬಿದ್ದಿದೆ. ಬೇರೆ ಊರಿನ ಒಬ್ಬ ಮಾರಾಟಗಾರರಿಂದ ಅಂಚೆಯಲ್ಲಿ ಜಪಾನಿನ ಸೀಕೊ ಕಂಪನಿಯ ಬೆಲ್‌ಮ್ಯಾಟಿಕ್ ಎಂಬ ಅಲಾರಂ ವಾಚು ತರಿಸಿದ್ದೆ. ಕಡು ನೀಲಿ ಡಯಲ್, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒರಿಜಿನಲ್ ಎಂದು ಬರೆದುಕೊಟ್ಟಿದ್ದರು. ನಾಲ್ಕು ತಿಂಗಳು ಖುಷಿಯಾಗಿ ಕಟ್ಟಿಕೊಂಡೆ. ಆಮೇಲೆ ಇನ್ನೊಂದು ಬೆಲ್‌ಮ್ಯಾಟಿಕ್ ಸಿಕ್ಕಿತು, ಅದರ ಡಯಲ್ ಸ್ವಲ್ಪ ಮಂಕಾಗಿತ್ತು. ಎರಡನ್ನೂ ಐ ಗ್ಲಾಸಿನಲ್ಲಿ ನೋಡಿದೆ. ಮಂಕಾದ ಡಯಲ್‌ನ ಕೆಳ ಅಂಚಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಒಂದು ನಂಬರಿತ್ತು, 4006 ಎಂದು ಶುರುವಾಗುತ್ತಿತ್ತು. ಅದು ಮಷೀನಿನ ನಂಬರು. ಹೊಳೆಯುವ ಡಯಲ್‌ನಲ್ಲಿ ಆ ಜಾಗ ಖಾಲಿ. ಯಾರೋ ಹಳೇ ಬಣ್ಣ ಕೆರೆದು ಹೊಸದಾಗಿ ಬಳಿದಿದ್ದರು. ಬಳಿಯುವಾಗ ಆ ಸಣ್ಣ ಸಾಲು ಹೋಗಿಬಿಟ್ಟಿತ್ತು. ಕೇಳಿದಾಗ ಆ ಮಾರಾಟಗಾರರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ನನ್ನ ದಾಖಲೆಗೆ. ಅದರಲ್ಲಿ ನಾನೇ ನನ್ನ ಕೈಯಿಂದ ಒರಿಜಿನಲ್ ಎಂದು ಬರೆದಿದ್ದೆ.

ಆಗ ಮಾಡಿಕೊಂಡ ಕ್ರಮವನ್ನು ಇವತ್ತಿಗೂ ಬಿಟ್ಟಿಲ್ಲ. ಪ್ರತಿ ವಾಚಿಗೆ ಮೂರು ಕಾಲಮ್ಮು: ಕಂಡದ್ದು, ಕೇಳಿದ್ದು, ಊಹಿಸಿದ್ದು. ಐ ಗ್ಲಾಸಿನಲ್ಲಿ ನಾನೇ ಓದಿದ್ದು ಮಾತ್ರ ಕಂಡದ್ದು. ಮಾರಿದವರು ಹೇಳಿದ್ದು, ಬೇರೆ ಸಂಗ್ರಾಹಕರು ಹೇಳಿದ್ದು, ಹಳೇ ಜಾಹೀರಾತಿನಲ್ಲಿ ಓದಿದ್ದು ಎಲ್ಲಾ ಕೇಳಿದ್ದು. ಇವೆರಡರಿಂದ ನಾನು ಕಟ್ಟಿದ್ದು ಊಹೆ. ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ 1953ರಲ್ಲಿ ವಲ್ಕೇನ್ ಕ್ರಿಕೆಟ್ ಉಡುಗೊರೆ ಕೊಟ್ಟರು ಎಂಬುದು ನಿಜವಾದ ಸಂಗತಿಯೇ. ಕ್ರಿಕೆಟ್ ಮಾರುವವರು ಆ ಕಥೆ ಹೇಳದೆ ಬಿಡುವುದಿಲ್ಲ. ಆದರೆ ನನ್ನ ಕೈಲಿರುವ ಕ್ರಿಕೆಟ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಹಾಗಾಗಿ ನನ್ನ ದಾಖಲೆಯಲ್ಲಿ ಅದಕ್ಕೆ ಜಾಗ ಕೊಟ್ಟಿಲ್ಲ.

ವಾಚು ಯಾವ ವರ್ಷದ್ದು ಎಂದು ಪತ್ತೆ ಹಚ್ಚುವುದು ಈ ಕೆಲಸದಲ್ಲೇ ನನಗೆ ಅತ್ಯಂತ ಇಷ್ಟದ ಭಾಗ. ಸೀಕೊ ವಾಚಿನ ಹಿಂದೆ ಒಂದು ಸೀರಿಯಲ್ ನಂಬರು ಇರುತ್ತದೆ. ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಎರಡನೆಯದು ತಿಂಗಳು. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ನನ್ನ ಒಂದು ಬೆಲ್‌ಮ್ಯಾಟಿಕ್ 83 ಎಂದು ಶುರುವಾಗುತ್ತದೆ. ಮಾರ್ಚ್ ಸರಿ, ಆದರೆ 1968 ಅಥವಾ 1978? ಹಿಂದಿನ ಮುಚ್ಚಳದಲ್ಲಿ ವಾಟರ್ ಪ್ರೂಫ್ ಎಂದಿತ್ತು. ಸುಮಾರು 1970ರ ಹೊತ್ತಿಗೆ ಸೀಕೊ ಆ ಪದ ಬಿಟ್ಟು ವಾಟರ್ ರೆಸಿಸ್ಟೆಂಟ್ ಎಂದು ಬರೆಯತೊಡಗಿತು. ಹಾಗಾಗಿ 1968. ಒಂದು ಪದ ಹತ್ತು ವರ್ಷದ ಗೊಂದಲ ಬಿಡಿಸಿತು. ಆದರೂ ಇದನ್ನು ಬರೆದಿದ್ದು ಊಹೆಯ ಕಾಲಮ್ಮಿನಲ್ಲೇ, ಯಾಕೆಂದರೆ ಮುಚ್ಚಳ ಬದಲಾಗಿರಬಹುದು.

ಸ್ವಿಸ್ ವಾಚುಗಳಲ್ಲಿ ಆರು ಗಂಟೆಯ ಕೆಳಗೆ ನೋಡುತ್ತೇನೆ. ಸ್ವಿಸ್ ಎಂಬ ಪದದ ಎರಡೂ ಕಡೆ ಟಿ ಅಕ್ಷರ ಇದ್ದರೆ ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬಳಸಿದ್ದಾರೆ, ಅಂದರೆ ಡಯಲ್ 1960ರ ದಶಕದ್ದು ಅಥವಾ ಆಮೇಲಿನದು. ಅದಕ್ಕಿಂತ ಹಳೆಯದಾದರೆ ಇನ್ನೂ ಅಪಾಯಕಾರಿಯಾದ ವಿಕಿರಣಶೀಲ ರೇಡಿಯಂ ಇರುವ ಸಾಧ್ಯತೆ ಜಾಸ್ತಿ. ಅಮೆರಿಕಕ್ಕೆ ಹೋದ ಲಕೂಲ್ಟ್ರ್ ಮಷೀನುಗಳ ಮೇಲೆ ವಿ.ಎಕ್ಸ್.ಎನ್. ಎಂಬ ಆಮದು ಗುರುತು ಇರುತ್ತದೆ. ಪೊಲ್ಯೋಟ್ ಡಯಲ್‌ನಲ್ಲಿ ಯು.ಎಸ್.ಎಸ್.ಆರ್. (ಸೋವಿಯತ್ ಒಕ್ಕೂಟ) ಎಂದಿದ್ದರೆ ಡಯಲ್ ಹೆಚ್ಚುಕಡಿಮೆ 1991ರವರೆಗಿನದು.

ರೇಡಿಯಂ ಬಗ್ಗೆ ಒಂದು ಮಾತು. ಅದರ ಹೊಳಪು ಸತ್ತಿರುತ್ತದೆ, ಆದರೆ ರೇಡಿಯಂ ಸತ್ತಿರುವುದಿಲ್ಲ. ಅದು ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಮುಳ್ಳಿನಿಂದ ಉದುರುವ ಹಳದಿ ಪುಡಿಯನ್ನು ಊದಬೇಡಿ, ಉಗುರಿನಿಂದ ಕೆರೆಯಬೇಡಿ. ಅಂಥ ವಾಚುಗಳ ಗಾಜನ್ನು ನಾನು ಮನೆಯಲ್ಲಿ ತೆಗೆಯುವುದೇ ಇಲ್ಲ.

ಫೋಟೊ ಎಲ್ಲರೂ ತೆಗೆಯುತ್ತಾರೆ. ಅಲಾರಂ ವಾಚಿಗೆ ಧ್ವನಿಯನ್ನೂ ಇಟ್ಟುಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಪೂರ್ತಿ ಕೀ ಕೊಟ್ಟು ಮೂರು ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ: ಮರದ ಮೇಜಿನ ಮೇಲೆ, ಬಟ್ಟೆಯ ಮೇಲೆ, ಕೈಗೆ ಕಟ್ಟಿಕೊಂಡು. ಕೈಗೆ ಕಟ್ಟಿದಾಗ ಬಹಳ ವಾಚುಗಳ ದನಿ ಅರ್ಧ ಸಾಯುತ್ತದೆ, ಮಾಂಸ ಶಬ್ದವನ್ನು ನುಂಗುತ್ತದೆ. ಕ್ರಿಕೆಟ್ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಅದಕ್ಕೆ ಎರಡು ಮುಚ್ಚಳ. ಒಳಗಿನದು ತೆಳು ತಗಡು, ಹೊರಗಿನದಕ್ಕೆ ತೂತುಗಳು. ತಗಡು ಕೈಗೆ ತಾಗದೆ ಅದುರುತ್ತದೆ, ಶಬ್ದ ತೂತಿನಿಂದ ಹೊರಗೆ ಬರುತ್ತದೆ. ಒಂದು ವಾಚು ವರ್ಷದಿಂದ ವರ್ಷಕ್ಕೆ ಎರಡು ಸೆಕೆಂಡು ಕಡಿಮೆ ಕೂಗಿದರೆ ಎಣ್ಣೆ ಒಣಗಿದೆ ಎಂದು ರೆಕಾರ್ಡಿಂಗೇ ಹೇಳುತ್ತದೆ.

ಕೊನೆಯದಾಗಿ, ಮುಚ್ಚಳದ ಒಳಮೈಯನ್ನು ಯಾವತ್ತೂ ಉಜ್ಜಬೇಡಿ. ಹಳೇ ರಿಪೇರಿಯವರು ಅಲ್ಲಿ ಸೂಜಿಯಿಂದ ಗೀಚಿ ಗುರುತು ಮಾಡುತ್ತಿದ್ದರು. ಸಂಡೆ ಬಜಾರಿನ ಆ ಮೊದಲ ವಾಚನ್ನು ಎಂಟನೇ ವರ್ಷದಲ್ಲಿ ಮತ್ತೆ ಬಿಚ್ಚಿಸಿ, ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದೆ. 12-8-68 ಎಂದು ಗೀಚಿತ್ತು. ಮುಂದೆ ಒಂದೇ ಒಂದು ಅಕ್ಷರ, ಕನ್ನಡದ 'ನಾ'. ಗ್ರೆಂಚೆನ್‌ನಲ್ಲಿ ಹುಟ್ಟಿದ ಮಷೀನನ್ನು ಐವತ್ತು ವರ್ಷಕ್ಕೂ ಹಿಂದೆ ಕನ್ನಡ ಬಲ್ಲ ಒಂದು ಕೈ ಬಿಚ್ಚಿ ಎಣ್ಣೆ ಹಾಕಿದೆ. ನಾರಾಯಣನೋ, ನಾಗಪ್ಪನೋ. ಅದನ್ನು ಕಂಡದ್ದು ಕಾಲಮ್ಮಿನಲ್ಲಿ ಬರೆದೆ.

ಯಜಮಾನರು ಮುಚ್ಚಳವನ್ನು ತುಂಬಾ ಹೊತ್ತು ನೋಡಿದರು. ಮಷೀನು ತೊಳೆದು, ಎಣ್ಣೆ ಹಾಕಿ, ಮುಚ್ಚುವ ಮುಂಚೆ ಕೇಳಿದರು: "ಇದರ ಕೆಳಗೆ ನಾನೂ ಇವತ್ತಿನ ತಾರೀಖು ಹಾಕ್ಲಾ ಸಾರ್?"

ಹಾಕಿ ಎಂದೆ.