ಹಂಪ್ಟಾ ಪಾಸಿಗೆ ಮನಾಲಿಯ ಮುನ್ಸೂಚನೆ ಸಾಲದು: ನನ್ನ ಅನುಭವ

ಮೇ ಕೊನೆಯ ವಾರದಿಂದ ಜೂನ್ ಮಧ್ಯದವರೆಗೆ ಬೆಂಗಳೂರಿನಿಂದ ಹಿಮಾಚಲದ ಹಂಪ್ಟಾ ಪಾಸಿಗೆ ಚಾರಣದ ಬ್ಯಾಚ್ ಕರೆದೊಯ್ಯುವ ನಮ್ಮಂಥವರಿಗೆ ದುಡಿಮೆಯ ಕಾಲ. ಕೈಯಿಂದ ದುಡ್ಡು ಹೋಗುವುದೂ ಆಗಲೇ. ನಡಿಗೆ ಶುರುವಾಗುವ ಜೋಬ್ರಾದಲ್ಲಿ ಬಿಸಿಲು, ಪಾಸಿನ ಕೆಳಗಿನ ಕ್ಯಾಂಪ್ ಬಾಲೂ ಕಾ ಘೇರಾದಲ್ಲಿ ತುಂತುರು, ಬೆಟ್ಟಸಾಲು ದಾಟುವ 4,270 ಮೀಟರಿನ ಪಾಸಿನ ಮೇಲೆ ಮೊಣಕಾಲುದ್ದ ಹೊಸ ಹಿಮ. ತಂಡ ಬಂದ ದಾರಿಯಲ್ಲೇ ವಾಪಸ್. ಆಚೆ ಛತ್ರುವಿನಲ್ಲಿ ನಮಗಾಗಿ ಕಾದ ಗಾಡಿಗೆ ಬಾಡಿಗೆ ದಂಡ, ಕುದುರೆಯವರಿಗೆ ಪೂರ್ತಿ ಕೂಲಿ, ಅರ್ಧದಷ್ಟು ಜನಕ್ಕೆ ಮರುಪಾವತಿ. ಒಂದು ಬ್ಯಾಚ್ ಹೀಗೆ ಮುಗ್ಗರಿಸಿದರೆ ನನಗೆ ಸುಮಾರು ಒಂದು ಲಕ್ಷದಿಂದ ಒಂದೂಕಾಲು ಲಕ್ಷದವರೆಗೆ ಕೈ ಬಿಡುತ್ತದೆ. ಒಂದು ವರ್ಷವಂತೂ ಸಾಲುಸಾಲಾಗಿ ಹಾಗೇ ಆಯಿತು.

ಆಗ ಎಲ್ಲರಂತೆ ನಾನೂ ಫೋನಿನಲ್ಲಿ ಮನಾಲಿಯ ಮೋಡದ ಚಿತ್ರ ನೋಡಿ ನಿರ್ಧರಿಸುತ್ತಿದ್ದೆ. ಮನಾಲಿ ಇರುವುದು ಎರಡು ಸಾವಿರ ಮೀಟರಿನಲ್ಲಿ, ಪಾಸು ಅದರ ಎರಡರಷ್ಟು ಎತ್ತರದಲ್ಲಿ. ಶಿಮ್ಲಾ ಹವಾಮಾನ ಕೇಂದ್ರದ ಎಚ್ಚರಿಕೆಗಳು ಜಿಲ್ಲಾವಾರು ಬರುತ್ತವೆ. ನಮ್ಮ ದಾರಿ ಕುಲ್ಲೂವಿನಲ್ಲಿ ಶುರುವಾಗಿ ಲಾಹೌಲ್-ಸ್ಪಿತಿಯಲ್ಲಿ ಇಳಿಯುತ್ತದೆ. ಒಂದೇ ದಿನ ಎರಡು ಜಿಲ್ಲೆ, ಎರಡು ಬಣ್ಣದ ಎಚ್ಚರಿಕೆ. ಅವರ ತಪ್ಪೇನಿಲ್ಲ, ನಮಗೆ ಬೇಕಾದ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ನಾನೀಗ ಮಾಡುವುದು ಇಷ್ಟು. ನಾಲ್ಕು ದಿನ ಮೊದಲೇ 500 ಹೆಕ್ಟಾಪಾಸ್ಕಲ್ (ಗಾಳಿಯ ಒತ್ತಡದ ಅಳತೆ, ಅಂದರೆ ಸುಮಾರು ಐದೂವರೆ ಕಿ.ಮೀ. ಎತ್ತರದ) ನಕ್ಷೆ ತೆಗೆದು ಇರಾನ್, ಅಫ್ಘಾನಿಸ್ತಾನದ ಮೇಲೆ ಕಣ್ಣಿಡುತ್ತೇನೆ. ಪಶ್ಚಿಮದಿಂದ ಮಳೆ, ಹಿಮ ಹೊತ್ತು ತರುವ ವೆಸ್ಟರ್ನ್ ಡಿಸ್ಟರ್ಬೆನ್ಸ್, ನಮ್ಮ ಮಾತಿನಲ್ಲಿ ಡಬ್ಲ್ಯುಡಿ, ಅಲ್ಲಿದ್ದರೆ ಒಂದೆರಡು ದಿನದಲ್ಲಿ ನಮ್ಮ ತಲೆಯ ಮೇಲಿರುತ್ತದೆ. ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಲ್ಲಿ ಯುರೋಪಿನದು, ಅಮೆರಿಕದ್ದು ಎರಡನ್ನೂ ನೋಡುತ್ತೇನೆ. ಯುರೋಪಿನದರ ಬೆಳಗಿನ ರನ್, ಅಂದರೆ ಆ ಹೊತ್ತಿನ ಹೊಸ ಲೆಕ್ಕ, ನಮಗೆ ಸಿಗುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಅದಕ್ಕೂ ಮುಂಚೆ ಯಾರಿಗೂ ಮಾತು ಕೊಡುವುದಿಲ್ಲ. ಎರಡರ ನಡುವೆ ಆರೇಳು ಗಂಟೆ ವ್ಯತ್ಯಾಸವಿದ್ದರೆ ಬೇಗ ಬರುತ್ತದೆ ಎನ್ನುವುದನ್ನೇ ನಂಬುತ್ತೇನೆ. ಮಳೆಯ ಮಿಲಿಮೀಟರ್ ನಂಬುವುದು ಬಿಟ್ಟು ಬಹಳ ಕಾಲವಾಯಿತು, ಏಕೆಂದರೆ ಮಾದರಿಯ ಒಳಗಿನ ಪರ್ವತ ಸವೆದು ಚಪ್ಪಟೆಯಾದದ್ದು. ನಮ್ಮ ಕಣಿವೆ ಅದರಲ್ಲಿ ಇಲ್ಲವೇ ಇಲ್ಲ.

ನಾನು ನಂಬುವುದು ಫ್ರೀಜಿಂಗ್ ಲೆವೆಲ್ (ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿಯುವ ಎತ್ತರ) ಮತ್ತು ಪಾಸಿನ ಎತ್ತರದ ಗಾಳಿಯನ್ನು. ಜೂನ್ ಆರಂಭದಲ್ಲಿ ಸೊನ್ನೆ ಡಿಗ್ರಿ ಗೆರೆ ಸಾಮಾನ್ಯವಾಗಿ ಪಾಸಿಗಿಂತ ಮೇಲಿರುತ್ತದೆ. ಡಬ್ಲ್ಯುಡಿ ಬಂದಾಗ ನಾಲ್ಕು ಸಾವಿರದ ಕೆಳಗೆ ಜಾರುತ್ತದೆ. ಹಿಮ ಬೀಳುವುದು ಆ ಗೆರೆಗಿಂತ ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೆ, ಜೋರು ಬಿದ್ದರೆ ನಾನೂರು. ಅಂದರೆ ಗೆರೆ 3,900 ಎಂದರೆ ಬಾಲೂ ಕಾ ಘೇರಾದ ನಮ್ಮ ಟೆಂಟಿನ ಮೇಲೂ ಹಿಮವೇ. ಗಾಳಿಗೆ 600 ಹೆಕ್ಟಾಪಾಸ್ಕಲ್ ಮಟ್ಟ ನೋಡಿ, ಅದು ಹೆಚ್ಚುಕಡಿಮೆ ಪಾಸಿನ ಎತ್ತರವೇ. ಅಲ್ಲಿ ಗಂಟೆಗೆ 35 ಕಿ.ಮೀ. ತೋರಿಸಿದರೆ ಪಾಸಿನ ಕತ್ತಿನಲ್ಲಿ ಬೀಸುವುದು ಅದರ ಒಂದೂವರೆ ಪಟ್ಟು, ಒಮ್ಮೊಮ್ಮೆ ಹೆಚ್ಚು. ಮೈನಸ್ ಐದರಲ್ಲಿ ಗಂಟೆಗೆ 50 ಕಿ.ಮೀ. ಗಾಳಿಯೆಂದರೆ ಮೈಗೆ ಮೈನಸ್ ಹದಿನೈದು. ಕೈಗವಸು ಒದ್ದೆಯಾದವನ ಗತಿ ಹೇಳಬೇಕಿಲ್ಲ. ಇದರ ಜತೆಗೆ ತೇವಾಂಶದ ಒಂದು ಅಂಕಿಯನ್ನೂ ನೋಡುತ್ತೇನೆ. ಯಾವ ಮಟ್ಟದ್ದು, ಎಷ್ಟು ದಾಟಿದರೆ ತಂಡವನ್ನು ನಿಲ್ಲಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕೈಯಿಂದ ಅಷ್ಟು ದುಡ್ಡು ಹೋಗಿ ಸಿಕ್ಕಿದ ಅಂಕಿ ಅದು.

ಬಹಳ ಜನ ಎಡವುವುದು ಡಬ್ಲ್ಯುಡಿ ದಾಟಿದ ಮಾರನೆಯ ದಿನ. ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಎಲ್ಲರೂ ಬೂಟು ಕಟ್ಟಿಕೊಂಡು ನಿಲ್ಲುತ್ತಾರೆ. ಆದರೆ ಅದರ ಬೆನ್ನಿಗೇ ವಾಯವ್ಯದಿಂದ ಒಣ ತಣ್ಣನೆಯ ಗಾಳಿ ನುಗ್ಗುತ್ತದೆ, ಹೊಸ ಹಿಮ ಇನ್ನೂ ಕೂತಿರುವುದಿಲ್ಲ. ನಾನು ಆ ದಿನ ಬಿಟ್ಟು ಅದರ ಮಾರನೆಯ ದಿನ, ಬೆಳಗಿನ ಮೂರೂವರೆಗೆ ಹೊರಡಿಸಿ ಒಂಬತ್ತರೊಳಗೆ ಪಾಸು ದಾಟಿಸುತ್ತೇನೆ. ಮಧ್ಯಾಹ್ನವಾದರೆ ಕುಲ್ಲೂ ಕಡೆಯಿಂದ ಮೋಡ ಹತ್ತಿ ಬರುತ್ತದೆ.

ನಮ್ಮ ಮನಾಲಿಯ ಗೈಡ್ ಮೊದಲು ನಕ್ಕಿದ್ದ. "ಸರ್‌ಜೀ, ಪಹಾಡದ ಮೌಸಮ್ ಮೊಬೈಲಿಗೆ ಗೊತ್ತಾಗುತ್ತಾ?" ಬೆಂಗಳೂರಿನ ಪಾಲುದಾರನಂತೂ, "ಗುರೂ, ಒಂದು ದಿನ ಕಾಯೋಕೆ ಹದಿನೆಂಟು ಜನಕ್ಕೆ ಊಟ ಹಾಕ್ಬೇಕು, ಅದರ ಖರ್ಚು ನಿನ್ನ ನಕ್ಷೆ ಕೊಡುತ್ತಾ?" ಎಂದ. ಕಾಯುವ ದಿನಕ್ಕೆ ಹದಿನೈದು ಸಾವಿರದ ಆಸುಪಾಸು ಖರ್ಚು, ಅವನ ಲೆಕ್ಕ ಸರಿಯೇ. 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ, 22 ಜನರಲ್ಲಿ 9 ಮಂದಿ ತೀರಿಕೊಂಡರು. ಅದಾದ ಮೇಲೆ ಆ ಹದಿನೈದು ಸಾವಿರದ ಮಾತು ನಮ್ಮ ಆಫೀಸಿನಲ್ಲಿ ಎದ್ದಿಲ್ಲ.

ಲೆಕ್ಕ ಸರಿಯಿದ್ದರೂ ಅದನ್ನು ಮೇಲೆ ತಲುಪಿಸುವುದು ಬೇರೆಯೇ ಪಾಡು. ಜೋಬ್ರಾ ದಾಟಿದರೆ ನೆಟ್‌ವರ್ಕ್ ಇಲ್ಲ. ಪರವಾನಗಿ ಇಲ್ಲದೆ ಸ್ಯಾಟಲೈಟ್ ಫೋನ್ ಮುಟ್ಟುವ ಹಾಗಿಲ್ಲ. ಹಾಗಾಗಿ ಮಧ್ಯಾಹ್ನದ ರನ್ ನೋಡಿ ಒಂದು ಚೀಟಿ ಬರೆದು, ಮೇಲೆ ಹೋಗುವ ಕುದುರೆಯವನ ಕೈಗೆ ಕೊಡುತ್ತೇನೆ. ಚೀಟಿಯಲ್ಲಿ ಅಂಕಿ ಇರುವುದಿಲ್ಲ. ಹೊರಡುವ ಹೊತ್ತು, ವಾಪಸ್ ತಿರುಗಬೇಕಾದ ಹೊತ್ತು ಇಷ್ಟೇ. ಅಂಕಿ ಬರೆದರೆ ಮೇಲಿನವರು ಚರ್ಚೆಗೆ ಕೂರುತ್ತಾರೆ.

ಕ್ಯಾಂಪಿನಲ್ಲಿ ಒತ್ತಡ ನೋಡಲು ಕೈಗಡಿಯಾರದ ಆಲ್ಟಿಮೀಟರ್ ಬಳಸಿಯೂ ನೋಡಿದೆ. ಕೂತಲ್ಲೇ ಎತ್ತರ ಏರಿದಂತೆ ತೋರಿದರೆ ಒತ್ತಡ ಇಳಿದಿದೆ ಎಂದರ್ಥ. ಆ ಎತ್ತರದಲ್ಲಿ ಒಂದು ಹೆಕ್ಟಾಪಾಸ್ಕಲಿಗೆ ಹತ್ತಿರಹತ್ತಿರ ಹನ್ನೆರಡು ಮೀಟರ್. ಮೊದಮೊದಲು ದಿನಾ ಸಂಜೆ ಗಾಬರಿ. ದಿನದ ಏರಿಳಿತವೇ ಇಪ್ಪತ್ತು ಮೀಟರಿನಷ್ಟು ತೋರಿಸುತ್ತಿತ್ತು. ಬೆಳಗಿನ ಐದರದ್ದನ್ನು ಮಾರನೆಯ ಬೆಳಗಿನ ಐದರದ್ದಕ್ಕೇ ಹೋಲಿಸಿದ ಮೇಲೆ ಕೆಲಸಕ್ಕೆ ಬಂತು. ನಲವತ್ತು ಮೀಟರ್ ಏರಿದರೆ ಚೀಟಿ ಏನೇ ಹೇಳಲಿ, ಗೈಡ್ ತಂಡವನ್ನು ಹೊರಡಿಸುವುದಿಲ್ಲ.

ಊಟದ ಸ್ಟೀಲ್ ತಟ್ಟೆಯನ್ನು ರಾತ್ರಿ ಹೊರಗೆ ಮಗುಚಿಟ್ಟು ಬೆಳಿಗ್ಗೆ ಹಿಮ ಅಳೆಯುವ ಚಟವೂ ಹತ್ತಿತು. ಮೇ ತಿಂಗಳ ಹಿಮ ನೀರು ತುಂಬಿದ ಹಿಮ. ಹನ್ನೆರಡು ಸೆಂಟಿಮೀಟರ್ ಕರಗಿಸಿದರೆ ಎರಡು ಸೆಂಟಿಮೀಟರಿನಷ್ಟು ನೀರು ಸಿಕ್ಕಿತ್ತು. ಹತ್ತು ಸೆಂಟಿಮೀಟರ್ ಹಿಮಕ್ಕೆ ಒಂದು ಸೆಂಟಿಮೀಟರ್ ನೀರಿನ ಲೆಕ್ಕ ಹಿಡಿದ ಆ್ಯಪ್ ಅದನ್ನೇ ಇಪ್ಪತ್ತು ಸೆಂಟಿಮೀಟರ್ ಎಂದು ಹೆದರಿಸುತ್ತದೆ. ದಪ್ಪ ಕಡಿಮೆ ಎಂದು ಸಮಾಧಾನಪಟ್ಟರೂ ತೂಕ ಅಷ್ಟೇ, ಟೆಂಟಿನ ಚದರ ಮೀಟರಿಗೆ ಇಪ್ಪತ್ತು ಕೆ.ಜಿ. ಈಗ ರಾತ್ರಿ ಎರಡು ಸಲ ಎದ್ದು ಟೆಂಟ್ ಕೊಡವುವುದಕ್ಕೆ ಪಾಳಿ ಹಾಕಿದ್ದೇನೆ. ಕಂಬಿ ಮುರಿದು ವರ್ಷಕ್ಕೆ ಮೂವತ್ತು ಸಾವಿರದವರೆಗೆ ಹೋಗುತ್ತಿದ್ದುದು ನಿಂತಿದೆ.

ಕಳೆದ ಸೀಸನ್ನಿನಲ್ಲಿ ಡಬ್ಲ್ಯುಡಿ ಒಂದರ ಹಿಂದೊಂದು ಬಂದರೂ ನಮ್ಮ ಬ್ಯಾಚುಗಳಲ್ಲಿ ಒಂದು ಬಿಟ್ಟು ಎಲ್ಲವೂ ಪಾಸು ದಾಟಿದವು. ಬಾಲೂ ಕಾ ಘೇರಾದಲ್ಲಿ ಪಕ್ಕದ ಟೆಂಟಿನವರು ನಮ್ಮ ಗೈಡ್ ಎಷ್ಟು ಗಂಟೆಗೆ ಏಳುತ್ತಾನೆ ಎಂದು ನೋಡಿಕೊಂಡು ಹೊರಡಲು ಶುರುಮಾಡಿದ್ದಾರೆ. ಆ ನಕ್ಕಿದ್ದ ಗೈಡೇ ಈಗ ಚೀಟಿ ತಡವಾದರೆ ಕುದುರೆಯವನಿಗೆ ಬೈಯುತ್ತಾನಂತೆ.

ಇನ್ನೂ ನನ್ನ ಕೈಗೆ ಸಿಗದಿರುವುದು ಲಾಹೌಲ್ ಕಡೆಯ ಗಾಳಿ. ಪಾಸಿನ ಆಚೆಯ ಕ್ಯಾಂಪ್ ಶಿಯಾ ಗೋರುವಿನಿಂದ ಛತ್ರುವರೆಗೆ ಮಧ್ಯಾಹ್ನದ ಮೇಲೆ ಬೀಸುವುದು ಯಾವ ಮಾದರಿಯಲ್ಲೂ ಕಾಣುವುದಿಲ್ಲ. ಎರಡು ಸಾವಿರ ಚಿಲ್ಲರೆಗೆ ಗಾಳಿ ಅಳೆಯುವ ಕೈಯಂತ್ರ ತಂದಿದ್ದೇನೆ. ಶಿಯಾ ಗೋರುವಿನ ಅಡುಗೆಯವನು ದಿನಕ್ಕೆ ಮೂರು ಹೊತ್ತು ಅಳೆದು ಬರೆದಿಟ್ಟರೆ ಕೂಲಿಯ ಮೇಲೆ ಐವತ್ತು ರೂಪಾಯಿ ಕೊಡುತ್ತೇನೆ ಎಂದಿದ್ದೇನೆ. ಅವನು ನೂರು ಕೇಳುತ್ತಿದ್ದಾನೆ.