ಹದ ನೋಡಿ ದಿನ ಕಟ್ಟುವ ಕ್ರಮ

ಅಡಿಕೆ ತೋಟದವರಿಗೆ ಗಡಿಯಾರಕ್ಕಿಂತ ಹತ್ತಿರವಾದ ಮಾತು ‘ಹದ’. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆ ರೋಗಕ್ಕೆ ಔಷಧಿ ಹೊಡೆಯಲು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸಿದ್ಧವಿದ್ದರಷ್ಟೇ ಸಾಲದು; ಔಷಧಿಯ ಮೊದಲ ಸರದಿ ಮುಂಗಾರು ಹಿಡಿಯುವ ಮುನ್ನ ಮುಗಿಯಬೇಕು, ಎರಡನೆಯದು ಅಲ್ಲಿಂದ 40-45 ದಿನಗಳಲ್ಲಿ, ಮಳೆ ಬಿಟ್ಟು ಹೊಳವಾದ ದಿನ ನೋಡಿ ಆಗಬೇಕು. ಒಂದು ವರ್ಷ ನೆಂಟರ ಮನೆಯ ಕಾರ್ಯ, ಪೇಟೆಯ ತಿರುಗಾಟ ಎಂದು ಆ ಎರಡನೆಯ ಸರದಿಯನ್ನು ನಾನು ಮುಂದೂಡುತ್ತಾ ಹೋದೆ. ಬಿಡುವು ಸಿಕ್ಕಾಗ ಮಳೆ ಬಿಡಲಿಲ್ಲ. ಮಳೆ ಬಿಟ್ಟಾಗ ಕಾಯಿಗಳು ಮರದ ಬುಡದಲ್ಲಿದ್ದವು. ನಮಗೆ ಮುಖ್ಯವೆಂದು ನಂಬಿರುವ ಸಂಗತಿಗಳಿಗೂ ಇಂಥ ಹದ ಉಂಟು, ಅದನ್ನು ಗುರುತಿಸದೆ ಬರೆದ ವೇಳಾಪಟ್ಟಿ ಎಷ್ಟು ಚೊಕ್ಕವಾಗಿದ್ದರೂ ಕೆಲಸಕ್ಕೆ ಬಾರದು ಎಂಬುದು ನನಗೆ ಅಂದಿನಿಂದ ಮನವರಿಕೆಯಾಗಿದೆ.

ಮೊದಲು ಮಾಡಬೇಕಾದದ್ದು ಲೆಕ್ಕ. ಕೂಲಿ, ಗೊಬ್ಬರ, ಮಾರಾಟಗಳಿಗೆ ಜಮಾಖರ್ಚು ಬರೆದಿಡುವ ಮನೆಗಳಲ್ಲಿ ಹೊತ್ತಿನ ಖರ್ಚನ್ನು ಯಾರೂ ಬರೆಯುವುದಿಲ್ಲ. ಒಂದು ಸಾಧಾರಣ ನೋಟ್‌ಬುಕ್ಕಿನಲ್ಲಿ, ಒಂದು ಮಳೆ ನಕ್ಷತ್ರದ ಅವಧಿಯಷ್ಟು ಕಾಲ, ಅಂದರೆ 13-14 ದಿನ, ಪ್ರತಿ ರಾತ್ರಿ ಊಟವಾದ ಮೇಲೆ ಆ ದಿನ ಹೊತ್ತು ಎಲ್ಲೆಲ್ಲಿ ಹೋಯಿತೆಂದು ನಾಲ್ಕೈದು ಸಾಲು ಬರೆಯಿರಿ. ಒಂದು ವಾರದ ಲೆಕ್ಕ ಸಾಲುವುದಿಲ್ಲ, ಏಕೆಂದರೆ ಒಂದು ಗೃಹಪ್ರವೇಶ ಅಥವಾ ಒಂದು ಜ್ವರ ಇಡೀ ವಾರವನ್ನೇ ನುಂಗಿಬಿಡಬಹುದು. ತಿಂಗಳು ತೀರ ಉದ್ದವಾಗಿ ಬರೆಯುವ ಉತ್ಸಾಹವೇ ಬತ್ತುತ್ತದೆ. ಮೊಬೈಲಿಗೆ ಹೋದ ಹೊತ್ತನ್ನು ಬರೆಯುವಾಗ ಕೈ ತುಸು ಹಿಂಜರಿಯುತ್ತದೆ, ಆದರೂ ಬರೆಯಿರಿ.

ಲೆಕ್ಕ ಮುಗಿದ ಮೇಲೆಯೇ ಮೌಲ್ಯಗಳ ವಿಚಾರಕ್ಕೆ ಬರುವುದು ಒಳ್ಳೆಯದು. ಮೂರೋ ನಾಲ್ಕೋ ಸಾಕು, ಮತ್ತು ಅವನ್ನು ‘ಕುಟುಂಬ’, ‘ಪ್ರಾಮಾಣಿಕತೆ’, ‘ಜ್ಞಾನ’ ಎಂಬ ದೊಡ್ಡ ಹೆಸರುಗಳಾಗಿ ಬರೆಯದೆ, ಮಾಡಬಹುದಾದ ಕೆಲಸಗಳಾಗಿ ಬರೆಯಬೇಕು. ‘ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುವುದು’ ಎಂದು ಬರೆದರೆ ಅದು ಹಾಳೆಯ ಮೇಲೆಯೇ ಉಳಿಯುತ್ತದೆ. ‘ಮಂಗಳವಾರ ಸಂಜೆ ಅಮ್ಮನ ಪಕ್ಕ ಕುಳಿತು ಅವಳಿಗೆ ಬಾಯಿಗೆ ಬರುವ ಮದುವೆ ಹಾಡುಗಳನ್ನು ಬರೆದುಕೊಳ್ಳುವುದು’ ಎಂದರೆ ಮಾಡಿದೆವೋ ಇಲ್ಲವೋ ಎಂದು ಮರುದಿನವೇ ತಿಳಿಯುತ್ತದೆ. ಬಳಿಕ ಪ್ರತಿಯೊಂದನ್ನೂ ಹಿಂದಿನ ಲೆಕ್ಕದ ಎದುರು ಇಟ್ಟು ನೋಡಿ. ಹದಿನಾಲ್ಕು ದಿನಗಳಲ್ಲಿ ಅದಕ್ಕೆ ಸೇರಿದ ಒಂದು ಸಾಲೂ ಇಲ್ಲದಿದ್ದರೆ, ಅದು ನಿಮ್ಮ ಮೌಲ್ಯವೋ ಅಥವಾ ನಾಲ್ಕು ಜನರ ಎದುರು ಹೇಳಲು ಚೆಂದವಾದ ಮಾತೋ ಎಂದು ಕೇಳಿಕೊಳ್ಳುವುದು ಅನಿವಾರ್ಯ.

ಇನ್ನು ಹದದ ವಿಚಾರ, ಇದರಲ್ಲೇ ಎಡವುವುದು ಹೆಚ್ಚು. ಬರೆದ ಕೆಲಸಗಳಲ್ಲಿ ಕಾಲ ಕಾಯುವಂಥವು ಯಾವುವು, ಕಾಯದಂಥವು ಯಾವುವು ಎಂದು ಎರಡು ಭಾಗ ಮಾಡಿ. ಮನೆಗೆ ಬಣ್ಣ ಬಳಿಯುವುದು, ಹೊಸ ವಾಹನ ಕೊಳ್ಳುವುದು, ಕೊಟ್ಟಿಗೆಯನ್ನು ದೊಡ್ಡದು ಮಾಡುವುದು ಇವೆಲ್ಲ ಮುಂದಿನ ವರ್ಷಕ್ಕೂ ಕಾಯುತ್ತವೆ. ಅಮ್ಮನ ನೆನಪು ಕಾಯುವುದಿಲ್ಲ. ಎಂಟು ವರ್ಷದ ಮಗಳು ಕತೆ ಓದಿ ಹೇಳೆಂದು ಪೀಡಿಸುವ ಕಾಲವೂ ಕಾಯುವುದಿಲ್ಲ. ಹದಿನೈದಕ್ಕೆ ಅವಳೇ ಬಾಗಿಲು ಹಾಕಿಕೊಂಡು ಓದುತ್ತಾಳೆ. ವಿಚಿತ್ರವೆಂದರೆ ಕಾಯುವ ಕೆಲಸಗಳಿಗೆ ಮೇಸ್ತ್ರಿ, ಬ್ಯಾಂಕು, ಅಂಗಡಿಯವರು ಫೋನ್ ಮಾಡಿ ಅವಸರಪಡಿಸುತ್ತಾರೆ. ಕಾಯದ ಕೆಲಸಗಳ ಪರವಾಗಿ ಯಾರೂ ಫೋನ್ ಮಾಡುವುದಿಲ್ಲ. ಆದ್ದರಿಂದ ವಾರದಲ್ಲಿ ಎರಡು ಹೊತ್ತನ್ನಾದರೂ ಕಾಯದ ಕೆಲಸಗಳಿಗೆ ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಮಿಕ್ಕವಕ್ಕೆ ಹಂಚಬೇಕು.

ದಿನಚರಿಯನ್ನು ಋತುವಿಗೆ ಹೊಂದಿಸಬೇಕೇ ಹೊರತು ನಗರದವರ ಬೆಳಗಿನ ಐದು ಗಂಟೆಯ ಶಿಸ್ತನ್ನು ವರ್ಷವಿಡೀ ಎಳೆದಾಡಬಾರದು. ಅಡಿಕೆ ಗೊನೆಯ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಒಟ್ಟಿಗೆ ಬೀಳುವ ಚಳಿಗಾಲದಲ್ಲಿ ಹೊಸ ಸಂಕಲ್ಪ ಬೇಡ. ಏಪ್ರಿಲ್-ಮೇ ತಿಂಗಳುಗಳು ಮದುವೆ ಮುಂಜಿಗಳಿಗೆ ಹೋಗುತ್ತವೆ. ಓದುವ, ಬರೆಯುವ, ಕಲಿಯುವ ಕೆಲಸಗಳನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈಯಲ್ಲಿ ಕರೆಂಟು ಹೋಗಿ, ನೆಟ್‌ವರ್ಕೂ ಹೋಗಿ, ದಾರಿಗೆ ಮರ ಬಿದ್ದು ಯಾರೂ ಬಾರದ ದಿನಗಳು ತಾವಾಗಿಯೇ ಒದಗುತ್ತವೆ, ಒಂದು ಲಾಟೀನು ಮಾತ್ರ ಸಿದ್ಧವಿರಲಿ.

ಉಳಿಸಿದ ಹೊತ್ತಿನ ಬಗೆಗೂ ಎಚ್ಚರ ಬೇಕು. ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕುಳಿತು ಅಡಿಕೆ ಸುಲಿಯುತ್ತಿದ್ದ ಮನೆಗಳಿಗೆ ಈಗ ಸುಲಿಯುವ ಯಂತ್ರ ಬಂದಿದೆ. ಬೆನ್ನಿಗೆ ಅದು ದೊಡ್ಡ ಉಪಕಾರ, ಹಳೆಯದೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಆದರೆ ಸುಲಿಯುತ್ತಾ ಆಡುತ್ತಿದ್ದ ಮಾತು, ಹಾಡು, ಜಗಳದ ರಾಜಿ ಎಲ್ಲವೂ ಆ ರಾತ್ರಿಗಳ ಜೊತೆಗೇ ಹೋದವು, ಉಳಿದ ಹೊತ್ತು ಎಲ್ಲಿ ಹೋಯಿತೆಂದು ಕೇಳಿದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಯಂತ್ರವನ್ನು ತರುವ ದಿನವೇ ಅದು ಬಿಟ್ಟುಕೊಡುವ ಹೊತ್ತಿಗೆ ಒಂದು ಕೆಲಸವನ್ನು ಗೊತ್ತುಮಾಡಿ.

ಇಲ್ಲವೆನ್ನುವುದು ನಮ್ಮ ಕಡೆ ಕಷ್ಟ. ಮುಯ್ಯಾಳಾಗಿ, ಅಂದರೆ ಕೂಲಿಯ ಬದಲು ಕೆಲಸಕ್ಕೆ ಕೆಲಸವೆಂಬಂತೆ, ನಮ್ಮ ಗದ್ದೆಗೆ ಬಂದವರ ಕರೆಯನ್ನು ತಪ್ಪಿಸುವಂತಿಲ್ಲ, ತಪ್ಪಿಸಲೂಬಾರದು. ಅದು ಸಾಲ, ತೀರಿಸಲೇಬೇಕು. ಮುಯ್ಯಿಯ ನಂಟೂ ಇಲ್ಲದ, ಪ್ರೀತಿಯೂ ಇಲ್ಲದ ಕರೆಗಳಿಗೆ ಮಾತ್ರ ಊಟದ ಹೊತ್ತಿಗೆ ಹೋಗಿ ಬೇಗ ಮರಳಿ, ಅಥವಾ ಮನೆಯಿಂದ ಒಬ್ಬರನ್ನಷ್ಟೇ ಕಳುಹಿಸಿ.

ಮಾಡಬೇಕಾದ ಕೆಲಸಗಳನ್ನು ಒಂದೊಂದು ಮಳೆ ನಕ್ಷತ್ರಕ್ಕೆ ಒಂದು ಹಾಳೆಯಂತೆ ಬರೆದಿಡಿ. ಜೂನ್ 22ರ ಆಸುಪಾಸಿನಲ್ಲಿ ಆರಿದ್ರಾ ಮಳೆ ಹುಟ್ಟುವ ದಿನ ಹೊಸ ಹಾಳೆ ತೆಗೆದು, ಮೃಗಶಿರದ ಹಾಳೆಯಲ್ಲಿ ಬಾಕಿ ಉಳಿದದ್ದನ್ನು ಅಲ್ಲಿಗೆ ಇಳಿಸಿ; ಪುನರ್ವಸು, ಪುಷ್ಯಗಳಿಗೂ ಹೀಗೆಯೇ ಮಾಡಿ. ಒಂದೇ ಕೆಲಸ ಮೂರು ಹಾಳೆ ದಾಟಿ ಬಂದಿದ್ದರೆ ಅದನ್ನು ಆ ದಿನವೇ ಆರಂಭಿಸಿ, ಇಲ್ಲವೇ ಅದರ ಮೇಲೆ ಅಡ್ಡಗೆರೆ ಎಳೆಯಿರಿ.