ಕೆಡಿಇ ಪ್ಲಾಸ್ಮಾ: ಪ್ರೋಗ್ರಾಂ ಬೇಕಾದ ಮಾನಿಟರ್‌ನಲ್ಲೇ ತೆರೆಯಲು
ಕೆಡಿಇ ಪ್ಲಾಸ್ಮಾ (ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್), ವೇಲ್ಯಾಂಡ್ (ಪರದೆಯಲ್ಲಿ ವಿಂಡೋಗಳನ್ನು ತೋರಿಸುವ ಹೊಸ ವ್ಯವಸ್ಥೆ) ಸೆಷನ್, ಎರಡು ಮಾನಿಟರ್. ಇಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ಬಲಗಡೆ ಬೇಕಿತ್ತು. ಅದು ಮಾತ್ರ ನಾನು ಕೆಲಸ ಮಾಡುತ್ತಿದ್ದ ಪರದೆಯಲ್ಲೇ ತೆರೆದುಕೊಳ್ಳುತ್ತಿತ್ತು.

ಪ್ರೈಮರಿ ಮಾನಿಟರ್ ಬದಲಿಸಿದೆ, ಪ್ರಯೋಜನವಿಲ್ಲ. ಬಲಕ್ಕೆ ಎಳೆದಿಟ್ಟು ಮುಚ್ಚಿದರೂ ನೆನಪಿಡಲಿಲ್ಲ. ವೇಲ್ಯಾಂಡ್‌ನಲ್ಲಿ ಪ್ರೋಗ್ರಾಂ ತನ್ನ ಜಾಗವನ್ನು ತಾನೇ ಆರಿಸುವಂತಿಲ್ಲ, ಹಾಗಾಗಿ ಅದಕ್ಕೂ ಹಳೆಯ ವ್ಯವಸ್ಥೆಯಾದ ಎಕ್ಸ್11 ಕಾಲದ ಸ್ಕ್ರಿಪ್ಟ್‌ಗಳೂ ದಂಡ. ಹೇಳಬೇಕಾದ್ದು ವಿಂಡೋಗಳ ಜಾಗ ನಿರ್ಧರಿಸುವ ವಿಂಡೋ ಮ್ಯಾನೇಜರ್‌ಗೆ.

ಥಂಡರ್‌ಬರ್ಡ್ ತೆರೆದಿರುವಾಗ ಆಲ್ಟ್+ಎಫ್3 ಒತ್ತಿ. ತೆರೆಯುವ ಮೆನುವಿನಲ್ಲಿ ಮೋರ್ ಆಕ್ಷನ್ಸ್, ಅದರೊಳಗೆ ಕಾನ್ಫಿಗರ್ ಸ್ಪೆಷಲ್ ಅಪ್ಲಿಕೇಶನ್ ಸೆಟ್ಟಿಂಗ್ಸ್. ಅಲ್ಲಿ ಆ್ಯಡ್ ಪ್ರಾಪರ್ಟಿ ಒತ್ತಿ 'ಸ್ಕ್ರೀನ್' ಸೇರಿಸಿ. ಪಕ್ಕದ ಪಟ್ಟಿಯಲ್ಲಿ 'ಅಪ್ಲೈ ಇನಿಷಿಯಲಿ' ಇರಲಿ. 'ಫೋರ್ಸ್' ಇಟ್ಟರೆ ಆಮೇಲೆ ಬೇಕೆಂದಾಗಲೂ ಆ ಪರದೆ ಬಿಟ್ಟು ಕದಲದು, ಅದು ಇನ್ನೊಂದು ತಲೆನೋವು. ಸ್ಕ್ರೀನ್ ಸಂಖ್ಯೆ ಎಡ-ಬಲದ ಕ್ರಮದಲ್ಲೇ ಇರಬೇಕೆಂದಿಲ್ಲ. 0 ಹಾಕಿ ನೋಡಿ, ಆಗದಿದ್ದರೆ 1. ಅಪ್ಲೈ ಒತ್ತಿ, ಪ್ರೋಗ್ರಾಂ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.